ದುಬೈವರೆಗೆ ಒಂದು, ಅಲ್ಲಿಂದ ಇನ್ನೊಂದು ಟಿಕೆಟ್: ತೆಗೆಯಬಹುದೇ?

ಪ್ರಶ್ನೆ: ಮಗಳ ಬಾಣಂತನಕ್ಕೆಂದು ನಾವಿಬ್ಬರೂ ಲಂಡನ್‌ಗೆ ಹೊರಟಿದ್ದೇವೆ. ದುಬೈಗೆ ಒಂದು ಕಂಪನಿಯ ಟಿಕೆಟ್, ಅಲ್ಲಿಂದ ಲಂಡನ್‌ಗೆ ಬೇರೆ ಕಂಪನಿಯದು ತೆಗೆದರೆ ದುಡ್ಡು ಉಳಿಯುತ್ತದೆ ಎನ್ನುತ್ತಾರೆ. ನಿಜವೇ?
– ಓದುಗರು, ಪಿ.ಜೆ. ಬಡಾವಣೆ, ದಾವಣಗೆರೆ

ಉತ್ತರ: ಉಳಿಯುವುದು ನಿಜ, ಆದರೂ ಬೇಡ. ಅದರಲ್ಲೂ ಮೊದಲ ಸಲ ಹೋಗುವ ಹಿರಿಯರಿಗೆ ಖಂಡಿತ ಬೇಡ.

ಒಂದೇ ಟಿಕೆಟ್ ಆದರೆ ಬೆಂಗಳೂರಿನಲ್ಲಿ ಕೊಟ್ಟ ಪೆಟ್ಟಿಗೆ ಲಂಡನ್‌ನಲ್ಲೇ ಕೈಗೆ ಬರುತ್ತದೆ. ಕೌಂಟರಿನಲ್ಲಿ ಪೆಟ್ಟಿಗೆಗೆ ಸುತ್ತುವ ಉದ್ದನೆಯ ಚೀಟಿ ನೋಡಿ: ದಪ್ಪಕ್ಷರದಲ್ಲಿ ಎಲ್‌ಎಚ್‌ಆರ್ ಎಂದಿದ್ದರೆ ಅದು ಲಂಡನ್ನಿನ ಹೀಥ್ರೋ ನಿಲ್ದಾಣದವರೆಗೆ ಹೋಗುತ್ತದೆ. ಡಿಎಕ್ಸ್‌ಬಿ ಎಂದಷ್ಟೇ ಇದ್ದರೆ ದುಬೈನಲ್ಲಿ ಇಳಿದುಬಿಡುತ್ತದೆ. ಬೇರೆ ಬೇರೆ ಟಿಕೆಟ್ ತೆಗೆದವರಿಗೆ ಸಾಮಾನ್ಯವಾಗಿ ಆಗುವುದು ಇದೇ. ಆಗ ಇಮಿಗ್ರೇಶನ್ ದಾಟಿ ಹೊರಬಂದು, ಪೆಟ್ಟಿಗೆ ಎತ್ತಿಕೊಂಡು ಮತ್ತೆ ಚೆಕ್‌-ಇನ್ ಮಾಡಿಸಬೇಕು. ಹೊರಬರಲು ಯುಎಇ ವೀಸಾ ಬೇಕು. ನಮ್ಮ ಕಡೆ ಸರ್‌ನೇಮ್ ಜಾಗ ಖಾಲಿ ಬಿಟ್ಟು ಒಂದೇ ಹೆಸರಿನಲ್ಲಿ ಮಾಡಿಸಿದ ಪಾಸ್‌ಪೋರ್ಟ್‌ಗಳು ಬಹಳ. ಅಂಥವರಿಗೆ 2022ರ ನವೆಂಬರ್‌ನಿಂದ ಆ ವೀಸಾ ಸಿಗುವುದೇ ತೊಡಕು.

ಮೊದಲ ವಿಮಾನ ಮೂರು ಗಂಟೆ ತಡವಾಯಿತು ಎನ್ನಿ. ಒಂದೇ ಟಿಕೆಟ್ ಇದ್ದರೆ ಮುಂದಿನ ವಿಮಾನಕ್ಕೆ ಹತ್ತಿಸುವುದು ಕಂಪನಿಯ ಹೊಣೆ. ಎರಡಾದರೆ ಎರಡನೆಯ ಕಂಪನಿಯ ಲೆಕ್ಕದಲ್ಲಿ ನೀವು ಬರಲೇ ಇಲ್ಲ. ಆ ದುಡ್ಡು ಹೋಯಿತು. ವಾಪಸು ಬರುವ ಟಿಕೆಟ್ ಅದರಲ್ಲೇ ಸೇರಿದ್ದರೆ ಸಾಮಾನ್ಯವಾಗಿ ಅದೂ ರದ್ದು. ಇದಲ್ಲದೆ ಅಗ್ಗದ ಟಿಕೆಟ್‌ಗೆ ಲಗೇಜ್ ಮಿತಿಯೂ ಕಡಿಮೆ. ತಲಾ 23 ಕೆಜಿಯ ಎರಡು ಪೆಟ್ಟಿಗೆ ಎಂದು ತುಂಬಿಕೊಂಡು ಹೋದರೆ ಉಳಿಸಿದ್ದು ಕೌಂಟರಿನಲ್ಲೇ ಕರಗುತ್ತದೆ. (ಬಾಣಂತಿಗೆಂದು ಬೆಣ್ಣೆ, ತುಪ್ಪ ಒಯ್ಯಬೇಡಿ, ಭಾರತದಿಂದ ಹಾಲಿನ ಪದಾರ್ಥ ತರಲು ಬ್ರಿಟನ್ ಬಿಡುವುದಿಲ್ಲ. ಚಟ್ನಿಪುಡಿಗೆ ತೊಂದರೆಯಿಲ್ಲ.)

ಏಜೆಂಟರು ಒಂದೇ ಹಾಳೆಯಲ್ಲಿ ಮುದ್ರಿಸಿ ಕೊಟ್ಟ ಮಾತ್ರಕ್ಕೆ ಅದು ಒಂದೇ ಟಿಕೆಟ್ ಅಲ್ಲ. 13 ಅಂಕಿಯ ಇ-ಟಿಕೆಟ್ ಸಂಖ್ಯೆ ನೋಡಿ. ಒಬ್ಬರಿಗೆ ಎರಡೂ ಹಂತಕ್ಕೆ ಅದೇ ಸಂಖ್ಯೆ ಇರಬೇಕು. ವೆಬ್‌ಸೈಟಿನಲ್ಲಿ ‘ಸೆಲ್ಫ್ ಟ್ರಾನ್ಸ್‌ಫರ್’ (ವಿಮಾನ ಬದಲಿಸುವ ಹೊಣೆ ನಿಮ್ಮದೇ) ಎಂದು ಸಣ್ಣಕ್ಷರದಲ್ಲಿ ಕಂಡರೆ ಅಲ್ಲಿಗೇ ಬಿಟ್ಟುಬಿಡಿ. ಹೆಸರು ಪಾಸ್‌ಪೋರ್ಟ್‌ನಲ್ಲಿರುವ ಹಾಗೆಯೇ, ಅಕ್ಷರ ಅಕ್ಷರ ಹೊಂದಬೇಕು. ವಿಮಾನ ಬದಲಿಸಲು ಎರಡೂವರೆಯಿಂದ ನಾಲ್ಕು ಗಂಟೆ ಬಿಡುವಿರಲಿ. ಮಂಡಿನೋವಿದ್ದರೆ ಬುಕಿಂಗ್ ಮಾಡುವಾಗಲೇ ವೀಲ್‌ಚೇರ್ ಕೇಳಿ.

ಕೈಯಲ್ಲಾದರೆ ಬೆಂಗಳೂರು–ಹೀಥ್ರೋ ನೇರ ವಿಮಾನವೇ ಲೇಸು. ಸುಮಾರು 11 ಗಂಟೆ ಕೂತರೆ ಆಯಿತು, ನಡುವೆ ಇಳಿದು ಹತ್ತುವುದಿಲ್ಲ.

ಇನ್ನು ತಾರೀಕು. ಇಲ್ಲಿ ಎಡವುವವರು ಬಹಳ. ಟಿಕೆಟ್‌ನಲ್ಲಿ ‘15, 04:10’ ಎಂದಿದ್ದರೆ ಅದು 14ರ ರಾತ್ರಿ ಕಳೆದು ಬರುವ ಬೆಳಗಿನ ಜಾವ. ಮೂರು ಗಂಟೆ ಮೊದಲು, ಅಂದರೆ ರಾತ್ರಿ 1ಕ್ಕೆ ಬೆಂಗಳೂರು ವಿಮಾನ ನಿಲ್ದಾಣದ ಎರಡನೇ ಟರ್ಮಿನಲ್‌ನಲ್ಲಿರಬೇಕು. ಸಿರಾ, ತುಮಕೂರು ದಾಟಿ ದಾಬಸ್‌ಪೇಟೆಯಲ್ಲಿ ದೊಡ್ಡಬಳ್ಳಾಪುರದ ಕಡೆ ತಿರುಗಿದರೆ ಬೆಂಗಳೂರಿನೊಳಕ್ಕೆ ಹೋಗದೆ ದೇವನಹಳ್ಳಿ ಸಿಗುತ್ತದೆ. ಆದರೂ ಊಟ, ಟ್ರಾಫಿಕ್ ಎಲ್ಲ ಸೇರಿ ಆರು ಗಂಟೆ ಇಟ್ಟುಕೊಳ್ಳಿ. 14ರ ಸಂಜೆ 6ಕ್ಕೆ ಕಾರು ದಾವಣಗೆರೆ ದಾಟಿರಲಿ.