ಹೊಸ ಪಟ್ಟಿಯ ಮೊದಲ ಗುಳಿಗೆ ತಪ್ಪಿಸಬೇಡಿ

ಪಂಚಮಿ ಮುಗಿದು ತಿಂಗಳಾಗುವ ಹೊತ್ತಿಗೆ ಗದಗದ ನಮ್ಮ ಕ್ಲಿನಿಕ್ಕಿನಲ್ಲಿ ಒಂದು ಮಾತು ಜಾಸ್ತಿ ಕೇಳಿಬರುತ್ತದೆ: 'ಗುಳಿಗಿ ತಗೊಂಡ್ರೂ ಮುಟ್ಟು ನಿಂತೈತ್ರಿ.' ವಿಚಾರಿಸಿದರೆ, ತವರಿಗೆ ಹೋಗುವಾಗ ಗರ್ಭ ತಡೆಯುವ ಗುಳಿಗೆಯ ಪಟ್ಟಿ ಗಂಡನ ಮನೆಯಲ್ಲೇ ಉಳಿದಿರುತ್ತದೆ. ವಾಪಸ್ ಬಂದ ದಿನ ಒಂದು ನುಂಗಿ, ಇನ್ನೇನೂ ಭಯವಿಲ್ಲ ಅಂದುಕೊಂಡಿರುತ್ತಾರೆ.

ಆಶಾ ಕಾರ್ಯಕರ್ತೆಯರು ಕೊಡುವ ಮಾಲಾ-ಎನ್ ಪಟ್ಟಿಯಲ್ಲಿ 28 ಗುಳಿಗೆ ಇರುತ್ತವೆ. 21ರಲ್ಲಿ ಎಸ್ಟ್ರೋಜನ್, ಪ್ರೊಜೆಸ್ಟಿನ್ ಎಂಬ ಎರಡು ಹಾರ್ಮೋನುಗಳಿವೆ. ಬಣ್ಣ ಬೇರೆ ಇರುವ ಉಳಿದ 7 ಬರೀ ಕಬ್ಬಿಣಾಂಶದವು. ಹಾರ್ಮೋನು ಅಂಡಾಶಯವನ್ನು ಸುಮ್ಮನಿರಿಸಿ ಅಂಡ ಹೊರಬರದಂತೆ ತಡೆಯುತ್ತದೆ. ಆ 7 ದಿನ ಹಾರ್ಮೋನಿಗೆ ಬಿಡುವು. ಅಂಡಾಶಯ ಮೆಲ್ಲಗೆ ಎಚ್ಚರವಾಗತೊಡಗುತ್ತದೆ. ಎಂಟನೇ ದಿನ ಹೊಸ ಪಟ್ಟಿ ಶುರುವಾದರೆ ಮತ್ತೆ ಸುಮ್ಮನಾಗುತ್ತದೆ. ಬಿಡುವು ಒಂಬತ್ತು, ಹತ್ತು ದಿನಕ್ಕೆ ಎಳೆದರೆ ಅಂಡ ಹೊರಬರಬಹುದು. ಅದಕ್ಕೇ ಹೊಸ ಪಟ್ಟಿ ತಡವಾಗುವುದು ಎಲ್ಲಕ್ಕಿಂತ ಅಪಾಯ. ಕಬ್ಬಿಣದ ಗುಳಿಗೆ ತಪ್ಪಿದರೆ ಗರ್ಭ ನಿಲ್ಲುವ ಭಯವಿಲ್ಲ.

ಹಾರ್ಮೋನಿನ ಗುಳಿಗೆ ಒಂದು ಮರೆತರೆ ನೆನಪಾದ ಕೂಡಲೇ ನುಂಗಿ. ಒಂದೇ ದಿನ ಎರಡಾದರೂ ತೊಂದರೆಯಿಲ್ಲ. ಎರಡು ಅಥವಾ ಹೆಚ್ಚು ತಪ್ಪಿದ್ದರೆ ಒಂದನ್ನು ತಕ್ಷಣ ನುಂಗಿ, ಮುಂದೆ ದಿನಕ್ಕೊಂದರಂತೆ ಮುಂದುವರಿಸಿ, 7 ದಿನ ಕಾಂಡೋಮ್ ಬಳಸಿ. ಹಾರ್ಮೋನಿನ ಕೊನೆಯ ವಾರದಲ್ಲಿ ಹೀಗಾದರೆ ಕಬ್ಬಿಣದ್ದನ್ನು ಬಿಟ್ಟು ನೇರ ಹೊಸ ಪಟ್ಟಿಗೆ ಹೋಗಿ. ಮೊದಲ ವಾರದಲ್ಲೇ ತಪ್ಪಿ, ಅಷ್ಟರಲ್ಲಿ ಗಂಡ ಹೆಂಡತಿ ಕೂಡಿದ್ದರೆ ತುರ್ತು ಮಾತ್ರೆ ಬೇಕಾಗಬಹುದು. ಕಾಯದೆ ಬಂದು ಕೇಳಿ.

ಚಾಚೂ ತಪ್ಪದೆ ನುಂಗಿದರೆ ವರ್ಷಕ್ಕೆ 100ರಲ್ಲಿ ಒಬ್ಬರಿಗೂ ಗರ್ಭ ನಿಲ್ಲುವುದಿಲ್ಲ ಎನ್ನಬಹುದು. ಮರೆವು, ಊರು ತಿರುಗಾಟ ಎಲ್ಲ ಸೇರಿದ ನಿಜ ಬದುಕಿನಲ್ಲಿ ಸುಮಾರು 7 ಮಂದಿಗೆ ನಿಲ್ಲುತ್ತದೆ.

'ಗುಳಿಗಿ ತಗೊಂಡ್ರ ಮುಂದ ಮಕ್ಕಳಾಗಂಗಿಲ್ಲಂತ' ಅನ್ನುವ ಅತ್ತೆಯಂದಿರಿಗೆ ನಾನು ಪದೇ ಪದೇ ಹೇಳುತ್ತೇನೆ, ಅದು ಸುಳ್ಳು. ಬಿಟ್ಟ ಮೇಲೆ ಗರ್ಭ ಕಟ್ಟುವ ಶಕ್ತಿ ಮರಳುತ್ತದೆ. ಉಪಕಾರವೂ ಇದೆ. ಮುಟ್ಟಿನ ರಕ್ತ, ನೋವು ಎರಡೂ ಇಳಿಯುತ್ತವೆ. ರಕ್ತ ಕಡಿಮೆಯಾಗಿ ಸುಸ್ತಾಗಿ ಬರುವ ನಮ್ಮ ಹೊಲದ ಹೆಣ್ಣುಮಕ್ಕಳಿಗೆ ಇದು ಸಣ್ಣ ಲಾಭವಲ್ಲ. ಅಂಡಾಶಯದ ಕ್ಯಾನ್ಸರ್, ಗರ್ಭಕೋಶದ ಒಳಪದರದ ಕ್ಯಾನ್ಸರ್ ಬರುವ ಸಾಧ್ಯತೆ ಕಡಿಮೆಯಾಗುತ್ತದೆ, ಬಿಟ್ಟ ಮೇಲೂ ಎಷ್ಟೋ ವರ್ಷ ಆ ಲಾಭ ಉಳಿಯುತ್ತದೆ. ಸ್ತನ ಕ್ಯಾನ್ಸರ್ ಸಾಧ್ಯತೆ ಮಾತ್ರ ತಗೊಳ್ಳುವಷ್ಟು ಕಾಲ ತುಸು ಏರುತ್ತದೆ.

ನಿಜವಾಗಿ ನೋಡಬೇಕಾದದ್ದು ರಕ್ತ ಹೆಪ್ಪುಗಟ್ಟುವಿಕೆ. ಗುಳಿಗೆ ತಗೊಳ್ಳದ 10,000 ಹೆಂಗಸರಲ್ಲಿ ವರ್ಷಕ್ಕೆ 1ರಿಂದ 5 ಮಂದಿಗೆ, ತಗೊಳ್ಳುವವರಲ್ಲಿ 3ರಿಂದ 9 ಮಂದಿಗೆ ಆಗುತ್ತದೆ. ಬಸಿರಿನಲ್ಲಿ ಇದಕ್ಕಿಂತ ಜಾಸ್ತಿ, 5ರಿಂದ 20. ಹಾಗಂತ ಬಿಪಿ ನೋಡದೆ ಅಂಗಡಿಯಿಂದ ತಂದು ಶುರು ಮಾಡಬೇಡಿ. ಬಿಪಿ ಇದ್ದವರು, 35 ದಾಟಿ ಬೀಡಿ ಸಿಗರೇಟು ಸೇದುವವರು, ಹಿಂದೆ ಕಾಲಲ್ಲಿ ರಕ್ತ ಹೆಪ್ಪುಗಟ್ಟಿದವರು, ಎಳೆ ಬಾಣಂತಿಯರು, ಕಣ್ಣ ಮುಂದೆ ಅಂಕುಡೊಂಕು ಬೆಳಕು ಕುಣಿದು ಆಮೇಲೆ ತಲೆನೋವು ಬರುವವರು, ಇವರಿಗೆಲ್ಲ ಬೇರೆ ದಾರಿಗಳಿವೆ. ಟಿಬಿಗೆ ರಿಫಾಂಪಿಸಿನ್ ನಡೆದಿದ್ದರೂ ಹೇಳಿ, ಅದು ಗುಳಿಗೆಯ ಬಲ ಕುಗ್ಗಿಸುತ್ತದೆ.

ಒಂದೇ ಕಾಲು ಬಾತು ನೋವು ಬಂದರೆ, ಎದೆ ಹಿಡಿದುಕೊಂಡರೆ, ದಿಢೀರನೆ ಉಸಿರು ಕಟ್ಟಿದರೆ ಗುಳಿಗೆ ನಿಲ್ಲಿಸಿ ಅವತ್ತೇ ಆಸ್ಪತ್ರೆಗೆ ಬನ್ನಿ. ರಾತ್ರಿಯಾದರೂ ಸರಿ.