ಎದ್ದು ನಿಂತವರು, ಎದುರು ಮಾತಾಡಿದವರು

ಬುಖಾರಾದ ಹಿರಿಯ ಇಮಾಮರೊಬ್ಬರು ಪಾಠ ಹೇಳುತ್ತಿದ್ದಾಗ ನಡುನಡುವೆ ಎದ್ದು ನಿಂತು ಮತ್ತೆ ಕೂರುತ್ತಿದ್ದರಂತೆ. ಕೇಳಿದವರಿಗೆ ಅವರು ಕೊಟ್ಟ ಕಾರಣ ಇಷ್ಟೇ: ತಮ್ಮ ಗುರುಗಳ ಮಗ ಹೊರಗೆ ಬೀದಿಯಲ್ಲಿ ಹುಡುಗರೊಡನೆ ಆಡುತ್ತಿದ್ದಾನೆ, ಆಡುತ್ತಾ ಆಗಾಗ ಮಸೀದಿಯ ಬಾಗಿಲ ತನಕ ಬರುತ್ತಾನೆ, ಅವನು ಕಣ್ಣಿಗೆ ಬಿದ್ದಾಗಲೆಲ್ಲ ಗುರುಗಳ ಮೇಲಿನ ಗೌರವಕ್ಕೆ ಏಳುತ್ತೇನೆ. ಈ ಪ್ರಸಂಗವನ್ನು ಹೇಳುತ್ತಿದ್ದವರು ಹನಫಿ (ಇಮಾಮ್ ಅಬೂ ಹನೀಫಾರ ಕಾನೂನು ಪಂಥದ) ವಿದ್ವಾಂಸ ಬುರ್ಹಾನುದ್ದೀನ್ ಮರ್ಗೀನಾನಿ (ನಿಧನ 1197). ಬರೆದಿಟ್ಟವರು ಅವರ ಶಿಷ್ಯ ಝರ್ನೂಜಿ. ವಿದ್ಯಾರ್ಥಿ ಹೇಗಿರಬೇಕೆಂದು ತಿಳಿಸುವ ಅವರ 'ತಅಲೀಮುಲ್ ಮುತಅಲ್ಲಿಮ್' ಎಂಬ ಕಿರುಹೊತ್ತಗೆಯಲ್ಲಿ ಇಂಥ ಪ್ರಸಂಗಗಳು ಹಲವಿವೆ, ಮತ್ತು ಇಸ್ಲಾಮಿನಲ್ಲಿ ಗುರುವಿನ ಮುಂದೆ ತೋರಬೇಕಾದ 'ಅದಬ್' (ಶಿಷ್ಟಾಚಾರ) ಎಂದೊಡನೆ ಇಂದಿಗೂ ನೆನಪಾಗುವುದು ಇವೇ.

ಆದರೆ ಅದಬ್‌ನ ಚರಿತ್ರೆ ಬುಖಾರಾಕ್ಕಿಂತ ಹಳೆಯದು, ಮತ್ತು ಅದು ಶಿಷ್ಯನೊಬ್ಬನದೇ ಕರ್ತವ್ಯವಾಗಿ ಆರಂಭವಾದದ್ದಲ್ಲ. ಕುರ್‌ಆನಿನ 18ನೇ ಅಧ್ಯಾಯದಲ್ಲಿ ಸ್ವತಃ ಪ್ರವಾದಿಯಾದ ಮೂಸಾ ಅವರು, ಪರಂಪರೆ ಖಿಝರ್ ಎಂದು ಗುರುತಿಸುವ ಜ್ಞಾನಿಯ ಬಳಿ ಹೋಗಿ, ನಿಮ್ಮನ್ನು ಹಿಂಬಾಲಿಸಬಹುದೇ ಎಂದು ಅಪ್ಪಣೆ ಕೇಳುತ್ತಾರೆ. ಪ್ರವಾದಿವರ್ಯರ ಸಂಗಾತಿಗಳ ಕಾಲದ ಇನ್ನೊಂದು ಘಟನೆಯಂತೂ ಬಹಳ ಪ್ರಸಿದ್ಧ. ಝೈದ್ ಬಿನ್ ಸಾಬಿತ್ ಸವಾರಿ ಏರುವಾಗ ಪ್ರವಾದಿಯವರ ಚಿಕ್ಕಪ್ಪನ ಮಗ ಇಬ್ನ್ ಅಬ್ಬಾಸ್ ಮುಂದೆ ಬಂದು ರಿಕಾಪು ಹಿಡಿದರು. ಬೇಡವೆಂದಾಗ, ವಿದ್ವಾಂಸರೊಡನೆ ಹೀಗೆ ನಡೆದುಕೊಳ್ಳಲು ನಮಗೆ ಆದೇಶವಿದೆ ಎಂದರು. ಕೂಡಲೇ ಝೈದ್, ಇಬ್ನ್ ಅಬ್ಬಾಸರ ಕೈ ಹಿಡಿದು ಮುತ್ತಿಟ್ಟು, ಪ್ರವಾದಿಯವರ ಮನೆಯವರೊಡನೆ ಹೀಗೆ ನಡೆದುಕೊಳ್ಳಲು ನಮಗೂ ಆದೇಶವಿದೆ ಎಂದರು. ಉಪನ್ಯಾಸಗಳಲ್ಲಿ ರಿಕಾಪಿನ ಮಾತು ಬರುವಷ್ಟು ಸಲ ಆ ಮುತ್ತಿನ ಮಾತು ಬರುವುದಿಲ್ಲ.

ಮದೀನಾದ ಇಮಾಮ್ ಮಾಲಿಕ್ (ನಿಧನ 795) ಹದೀಸ್ (ಪ್ರವಾದಿಯವರ ನುಡಿ-ನಡೆಗಳ ವರದಿ) ಪಾಠಕ್ಕೆ ಮುನ್ನ ಸ್ನಾನ ಮಾಡಿ, ಸುಗಂಧ ಪೂಸಿಕೊಂಡು ಕೂರುತ್ತಿದ್ದರೆಂದು ಪ್ರತೀತಿ. ಅವರೆದುರು ಪುಟ ಮಗುಚುವಾಗ ಸದ್ದು ಕೇಳಿಸದಂತೆ ಎಚ್ಚರವಹಿಸುತ್ತಿದ್ದೆ ಎಂದು ಶಿಷ್ಯ ಶಾಫಿಈ ಹೇಳಿದ್ದಾರೆ. ಅದೇ ಶಾಫಿಈ ಮುಂದೆ ಗುರುಗಳ ಅಭಿಪ್ರಾಯಗಳನ್ನು ಒಂದೊಂದಾಗಿ ಪರಿಶೀಲಿಸಿ, ಒಪ್ಪದ ಕಡೆ ಒಪ್ಪುವುದಿಲ್ಲವೆಂದು ಬರೆದರು. ಇಂದು ಅವರ ಹೆಸರಿನಲ್ಲಿ ಬೇರೆಯೇ ಒಂದು ಮದ್‌ಹಬ್ (ಕಾನೂನು ಪಂಥ) ಇದೆ.

ಈ ನಡೆನುಡಿಗಳು ಪುಸ್ತಕದ ನಿಯಮಗಳಾಗಿ ಗಟ್ಟಿಗೊಂಡದ್ದು ಹೆಚ್ಚಾಗಿ ಮದ್ರಸಗಳ ಕಾಲದಲ್ಲಿ. ಹನ್ನೊಂದನೆಯ ಶತಮಾನದಲ್ಲಿ ಸೆಲ್ಜೂಕ್ ವಜೀರ ನಿಝಾಮುಲ್ ಮುಲ್ಕ್ ಬಗ್ದಾದಿನಲ್ಲಿ ನಿಝಾಮಿಯಾ ತೆರೆದ ಮೇಲೆ ವಕ್ಫಿನ ಆದಾಯ, ಅಧ್ಯಾಪಕರಿಗೆ ಸಂಬಳ, ವಿದ್ಯಾರ್ಥಿಗಳಿಗೆ ವಸತಿ ಎಂಬ ವ್ಯವಸ್ಥೆ ಬೇರೂರಿತು. ಅಪರಿಚಿತರು ಒಂದೇ ಸೂರಿನಡಿ ಬಾಳಬೇಕಾದಾಗ ಬಾಯಿಮಾತಿನ ರೂಢಿ ಸಾಲದೆ ಹೋಯಿತೆಂದು ನನಗನಿಸುತ್ತದೆ. ಗುರುವಿನ ಮುಂದೆ ನಡೆಯಬಾರದು, ಅವರ ಜಾಗದಲ್ಲಿ ಕೂರಬಾರದು, ದಣಿದಿರುವಾಗ ಪ್ರಶ್ನೆ ಕೇಳಬಾರದು, ಬಾಗಿಲು ತಟ್ಟದೆ ಅವರೇ ಹೊರಬರುವ ತನಕ ಕಾಯಬೇಕು ಎನ್ನುತ್ತಾರೆ ಝರ್ನೂಜಿ. ಈಜಿಪ್ಟ್ ಮತ್ತು ದಮಾಸ್ಕಸ್‌ನಲ್ಲಿ ಕಾಝಿಯಾಗಿದ್ದ (ನ್ಯಾಯಾಧೀಶರಾಗಿದ್ದ) ಇಬ್ನ್ ಜಮಾಅ (ನಿಧನ 1333) ಬಾಗಿಲು ತಟ್ಟಲು ಬಿಡುತ್ತಾರೆ: ಮೊದಲು ಉಗುರಿನಿಂದ, ಕೇಳಿಸದಿದ್ದರೆ ಬೆರಳಿನಿಂದ, ಆಮೇಲಷ್ಟೇ ಬಾಗಿಲ ಬಳೆಯಿಂದ. ಆದರೆ ಅವರ ಗ್ರಂಥದಲ್ಲಿ ವಿದ್ಯಾರ್ಥಿಯ ಅಧ್ಯಾಯಕ್ಕಿಂತ ಮೊದಲು ಬರುವುದು ಗುರುವಿನ ಅಧ್ಯಾಯ. ಹಸಿದಿರುವಾಗ, ಸಿಟ್ಟಿನಲ್ಲಿರುವಾಗ, ತೂಕಡಿಕೆ ಬರುವಾಗ ಪಾಠ ಹೇಳಬಾರದು. ತಿಳಿಯದ್ದನ್ನು ಕೇಳಿದರೆ ತಿಳಿಯದೆಂದು ನಾಚದೆ ಹೇಳಬೇಕು.

ಗೌರವ ಎಲ್ಲಿಗೆ ನಿಲ್ಲಬೇಕೆಂಬ ತಕರಾರೂ ಅಷ್ಟೇ ಹಳೆಯದು. ತಮಗಾಗಿ ಜನ ಎದ್ದು ನಿಲ್ಲುವುದು ಪ್ರವಾದಿಯವರಿಗೆ ಇಷ್ಟವಿರಲಿಲ್ಲವೆಂದು ಅವರ ಸಂಗಾತಿ ಅನಸ್ ಹೇಳಿದ ಹದೀಸ್ ಒಂದು ಕಡೆ. ಸಅದ್ ಬಿನ್ ಮುಆದ್ ಬಂದಾಗ, ನಿಮ್ಮ ನಾಯಕನಿಗಾಗಿ ಏಳಿ ಎಂದು ಪ್ರವಾದಿಯವರೇ ಹೇಳಿದ ಹದೀಸ್ ಇನ್ನೊಂದು ಕಡೆ. ಸಿರಿಯಾದ ಇಮಾಮ್ ನವವಿ (ನಿಧನ 1277) ವಿದ್ವಾಂಸರಿಗಾಗಿ ಏಳಬಹುದೆಂದು ಪ್ರತ್ಯೇಕ ಕೃತಿಯನ್ನೇ ಬರೆದರು. ಕೈರೋದಲ್ಲಿದ್ದ ಮಾಲಿಕಿ ವಿದ್ವಾಂಸ ಇಬ್ನುಲ್ ಹಾಜ್ (ನಿಧನ 1336) ಅದರ ವಾದಗಳನ್ನು ಒಂದೊಂದಾಗಿ ಅಲ್ಲಗಳೆದರು. ಕರಾವಳಿಯಲ್ಲಿ ಉಸ್ತಾದರ (ಮದ್ರಸ ಗುರುಗಳ) ಕೈಗೆ ಮುತ್ತಿಡುವ ಹುಡುಗರನ್ನು ಕಂಡು ಕೆಲವರು ಮೆಚ್ಚುವುದು, ಕೆಲವರು ಮುಖ ಸಿಂಡರಿಸುವುದು ಇದೇ ಹಳೆಯ ವಾದದ ಮುಂದುವರಿಕೆ.

ಮತ್ತೆ ಮರ್ಗೀನಾನಿಯವರ ಬಳಿಗೆ ಬರೋಣ. ಬೀದಿಯಲ್ಲಿ ಆಡುವ ಹುಡುಗನಿಗಾಗಿ ಎದ್ದು ನಿಂತವರ ಕಥೆ ಹೇಳಿದ ಈ ವಿದ್ವಾಂಸರು ಬರೆದ 'ಹಿದಾಯಾ' ಹನಫಿ ಕಾನೂನಿನ ಪ್ರಮುಖ ಪಠ್ಯ. ಲಖನೌದ ಫಿರಂಗಿ ಮಹಲಿನ ಮುಲ್ಲಾ ನಿಝಾಮುದ್ದೀನರ (ನಿಧನ 1748) ಹೆಸರಿನ ದರ್ಸೆ ನಿಝಾಮಿ ಪಠ್ಯಕ್ರಮದ ಮೂಲಕ ಅದು ಭಾರತದ ಹನಫಿ ಮದ್ರಸಗಳಿಗೆಲ್ಲ ತಲುಪಿದೆ. ಅಬೂ ಹನೀಫಾ ಹೀಗೆಂದರು, ಅವರ ಶಿಷ್ಯರಾದ ಅಬೂ ಯೂಸುಫ್ ಮತ್ತು ಮುಹಮ್ಮದ್ ಹಾಗಲ್ಲವೆಂದರು ಎಂಬ ಮಾತು ಅದರಲ್ಲಿ ಮತ್ತೆ ಮತ್ತೆ ಬರುತ್ತದೆ, ಎರಡೂ ಕಡೆಯ ಆಧಾರಗಳ ಸಮೇತ. ಕೆಲವೆಡೆ ಫತ್ವಾ ಶಿಷ್ಯರ ಮಾತಿನ ಮೇಲೆಯೇ ನಿಲ್ಲುತ್ತದೆ. ಗುರುಸೇವೆಗೆ ಉರ್ದುವಿನಲ್ಲಿ 'ಜೂತಿಯಾಂ ಸೀಧೀ ಕರ್ನಾ', ಅಂದರೆ ಚಪ್ಪಲಿ ನೇರ ಮಾಡಿಡುವುದು, ಎಂಬ ಮಾತಿದೆ. ಉಸ್ತಾದರಿಗೆ ಮೆಟ್ಟಿಕೊಳ್ಳಲು ಸುಲಭವಾಗಲೆಂದು ಅವರ ಚಪ್ಪಲಿಯನ್ನು ಹೊರಮುಖವಾಗಿ ತಿರುಗಿಸಿಟ್ಟು ಒಳಬಂದ ಹುಡುಗ, ಗಿಡ್ಡ ಮೇಜಿನ ಮುಂದೆ ಮಂಡಿಯೂರಿ, ಅವರೆದುರೇ ಗಟ್ಟಿಯಾಗಿ ಓದುವುದು ಆ ಭಿನ್ನಮತದ ಸಾಲುಗಳನ್ನು.