ಸ್ಪಂಜಿ ಪೆಡಲ್: ಹಳೇ ಜೀಪಿನ ಬ್ರೇಕ್ ಮೆತ್ತಗಾದಾಗ

ಬ್ರೇಕ್ ತುಳಿದರೆ ಪೆಡಲ್ ಕಾಲಿಗೆ ಗಟ್ಟಿಯಾಗಿ ಸಿಗಬೇಕು. ಹಾಗಾಗದೆ ಒತ್ತಿದಷ್ಟೂ ಪುಟಿಯುತ್ತಾ ಮೆತ್ತಗಿದ್ದರೆ ಅದೇ ಸ್ಪಂಜಿ ಪೆಡಲ್. ಬ್ರೇಕ್ ಆಯಿಲ್ ಒತ್ತಿದರೆ ಕುಗ್ಗುವುದಿಲ್ಲ, ಗಾಳಿ ಕುಗ್ಗುತ್ತದೆ. ಪೈಪಿನೊಳಗೆ ಸ್ವಲ್ಪ ಗಾಳಿ ಸೇರಿದರೂ ಸಾಕು, ನೀವು ತುಳಿದದ್ದೆಲ್ಲ ಆ ಗಾಳಿಯನ್ನು ಹಿಸುಕುವುದಕ್ಕೇ ಹೋಗುತ್ತದೆ.

ಆದರೆ ಪೆಡಲ್ ಕೆಳಗೆ ಹೋದದ್ದಕ್ಕೆಲ್ಲ ಗ್ಯಾರೇಜಿನಲ್ಲಿ ಒಂದೇ ಮಾತು: 'ಏರ್ ಹಿಡ್ಕೊಂಡಿದೆ, ಬ್ಲೀಡ್ ಮಾಡೋಣ.' ಬ್ಲೀಡ್ ಎಂದರೆ ಆಯಿಲ್ ಹೊರಬಿಟ್ಟು ಅದರ ಜೊತೆ ಗಾಳಿ ತೆಗೆಯುವುದು. ಎಷ್ಟೋ ಸಲ ಆಯಿಲ್ ಸುಮ್ನೆ ದಂಡವಾಗುತ್ತದೆ.

ಮಲೆನಾಡಿನ ಕಾಫಿ ತೋಟಗಳಲ್ಲಿ ದುಡಿದ ಹಳೇ ಮಹೀಂದ್ರ ಸಿಜೆ ಜೀಪುಗಳನ್ನೇ ನೋಡಿ. ನಾಲ್ಕೂ ಗಾಲಿಗೆ ಡ್ರಮ್ ಬ್ರೇಕ್. ಡ್ರಮ್ಮಿಗೆ ಒಳಗಿನಿಂದ ಒತ್ತುವ ಬ್ರೇಕ್ ಶೂ ಸವೆದಂತೆ ಡ್ರಮ್ಮಿಗೂ ಅದಕ್ಕೂ ನಡುವಿನ ಸಂದು ದೊಡ್ಡದಾಗುತ್ತದೆ, ಅದನ್ನು ಕೈಯಿಂದಲೇ ಅಡ್ಜಸ್ಟ್ ಮಾಡಬೇಕು. ಮಾಡದಿದ್ದರೆ ಪೆಡಲ್ ಆಳಕ್ಕೆ ಹೋಗುತ್ತದೆ. ಬೇಗ ಬೇಗ ಎರಡು ಮೂರು ಸಲ ಪಂಪ್ ಮಾಡಿ. ಮೇಲೆ ಬಂದು ಗಟ್ಟಿಯಾಗಿ ನಿಂತರೆ ಮೊದಲು ಶೂ ಅಡ್ಜಸ್ಟ್ ಮಾಡಿಸಿ. ಮೇಲೆ ಬಂದ ಮೇಲೂ ಪುಟಿಯುತ್ತಿದ್ದರೆ ಗಾಳಿ ಇರಬೇಕು, ಇಲ್ಲವೇ ಹಳೇ ರಬ್ಬರ್ ಹೋಸ್ ಒತ್ತಡಕ್ಕೆ ಉಬ್ಬುತ್ತಿರಬೇಕು.

ಕಾಲು ಒತ್ತಿಕೊಂಡೇ ಇದ್ದರೂ ಪೆಡಲ್ ನಿಧಾನವಾಗಿ ಇಳಿಯುತ್ತಿದೆಯಾ? ಆಗ ಎಲ್ಲೋ ಸೋರುತ್ತಿದೆ. ಡಬ್ಬಿಯಲ್ಲಿ ಆಯಿಲ್ ಕಡಿಮೆಯಾಗುತ್ತಿದ್ದರೆ ಪೈಪು, ಹೋಸು, ಗಾಲಿಗಳ ಒಳಮೈ ನೋಡಿ. ಅಲ್ಲಿ ಜಿಡ್ಡು ಕಂಡ ತಕ್ಷಣ, ಶೂಗಳನ್ನು ತಳ್ಳುವ ವೀಲ್ ಸಿಲಿಂಡರ್ ಸೋರಿದೆ ಎಂದುಕೊಳ್ಳಬೇಡಿ. ಆಕ್ಸಲ್ ಸೀಲ್ ಹೋಗಿ ಗೇರ್ ಆಯಿಲ್ ಬಂದಿರಬಹುದು. ಅದು ಮಂದ, ವಾಸನೆಯೂ ಗಾಢ. ಆಯಿಲ್ ಕಡಿಮೆಯಾಗದೆಯೂ ಪೆಡಲ್ ಇಳಿಯುತ್ತಿದ್ದರೆ, ತುಳಿದಾಗ ಆಯಿಲನ್ನು ಪೈಪುಗಳಿಗೆ ತಳ್ಳುವ ಮಾಸ್ಟರ್ ಸಿಲಿಂಡರಿನ ಒಳಗಿನ ರಬ್ಬರ್ ಸವೆದಿರುವ ಸಾಧ್ಯತೆ ಜಾಸ್ತಿ. ಈ ಸ್ಥಿತಿಯಲ್ಲಿ ಗಾಡಿ ರಸ್ತೆಗೆ ಇಳಿಸಬಾರದು. ಹಳೇ ಜೀಪುಗಳಲ್ಲಿ ಹಲವಕ್ಕೆ ಬ್ರೇಕ್ ಲೈನ್ ಒಂದೇ, ಅದು ಹೋದರೆ ನಾಲ್ಕೂ ಗಾಲಿಯ ಬ್ರೇಕ್ ಹೋದಂತೆ.

ಮಾರುತಿ ಜಿಪ್ಸಿಯಂತೆ ಮುಂದೆ ಡಿಸ್ಕ್ ಬ್ರೇಕ್ ಇರುವ ಗಾಡಿಗಳಲ್ಲಿ ಇನ್ನೊಂದು ಮೋಸ ಇದೆ. ಹೊಂಡದ ದಾರಿ ದಾಟಿದ ಮೇಲೆ ಮೊದಲ ತುಳಿತ ಆಳಕ್ಕೆ ಹೋಗಿ, ಎರಡನೆಯದು ಸರಿಯಾಗಿ ಸಿಕ್ಕರೆ ಮುಂದಿನ ವೀಲ್ ಬೇರಿಂಗ್ ಅಲ್ಲಾಡಿಸಿ ನೋಡಿ. ಬೇರಿಂಗ್ ಸಡಿಲವಾದರೆ ಡಿಸ್ಕ್ ಓಲಾಡಿ, ಅದನ್ನು ಹಿಡಿಯುವ ಪ್ಯಾಡುಗಳನ್ನು ಹಿಂದಕ್ಕೆ ತಳ್ಳುತ್ತದೆ.

ಚಾರ್ಮಾಡಿ ಘಾಟಿ ಇಳಿಯುವಾಗ ಮಾತ್ರ ಮೆತ್ತಗಾಗಿ, ತಣ್ಣಗಾದ ಮೇಲೆ ಸರಿಹೋದರೆ ಆಯಿಲ್ ಕುದಿದಿರಬೇಕು. ಕುದಿದಾಗ ಹುಟ್ಟುವ ಆವಿಯೂ ಗಾಳಿಯಂತೆ ಕುಗ್ಗುತ್ತದೆ. ಬ್ರೇಕ್ ಆಯಿಲ್ ನೀರು ಹೀರುತ್ತದೆ. ಡಾಟ್ 3 ದರ್ಜೆಯ ಹೊಸ ಆಯಿಲ್ ಕನಿಷ್ಠ 205 ಡಿಗ್ರಿವರೆಗೆ ಕುದಿಯಬಾರದು. ನೀರು ಹೀರಿದ್ದಕ್ಕೆ ಆ ಮಿತಿ 140 ಡಿಗ್ರಿ ಅಷ್ಟೇ.

ಯಾವ ಕಡೆಯ ತೊಂದರೆ ಎಂದು ತಿಳಿಯಲು ಹೋಸನ್ನು ಹಿಸುಕಿ ಮುಚ್ಚುವ ಹೋಸ್ ಕ್ಲ್ಯಾಂಪ್ ಬೇಕು. ರಬ್ಬರ್ ಹೋಸುಗಳನ್ನೆಲ್ಲ ಬಿಗಿದಾಗ ಪೆಡಲ್ ಗಟ್ಟಿಯಾದರೆ ಮಾಸ್ಟರ್ ಸಿಲಿಂಡರ್ ಚೆನ್ನಾಗಿದೆ. ಒಂದೊಂದೇ ಸಡಿಲಿಸುತ್ತಾ ಹೋಗಿ. ಯಾವುದನ್ನು ಬಿಟ್ಟಾಗ ಪೆಡಲ್ ಇಳಿಯಿತೋ, ಹುಡುಕಬೇಕಾದದ್ದು ಆ ಕಡೆ. ಬಿರುಕು ಬಿಟ್ಟ ಹೋಸಿಗೆ ಈ ಪರೀಕ್ಷೆ ಬೇಡ, ಸೀದಾ ಬದಲಿಸಿ.

ಬ್ಲೀಡ್ ಮಾಡಲೇಬೇಕಾದರೆ ಪೆಡಲ್ ಕೆಳಗೆ ಒಂದು ಮರದ ತುಂಡು ಇಡಿ. ಹಳೇ ಮಾಸ್ಟರ್ ಸಿಲಿಂಡರಿನ ತುದಿಯಲ್ಲಿ ರಬ್ಬರ್ ಎಂದೂ ಹೋಗದ ಜಾಗ ಇರುತ್ತದೆ, ಅಲ್ಲಿ ತುಕ್ಕು. ಪೆಡಲನ್ನು ನೆಲಕ್ಕೆ ಮುಟ್ಟಿಸಿದರೆ ರಬ್ಬರ್ ಆ ತುಕ್ಕಿನ ಮೇಲೆ ಉಜ್ಜಿ ಹರಿಯುತ್ತದೆ. ಬೆಳಗ್ಗೆ ಏರ್ ತೆಗೆಸಲು ಹೋದವರು ಸಂಜೆ ಮಾಸ್ಟರ್ ಸಿಲಿಂಡರ್ ಕಿಟ್ ಹುಡುಕುವುದು ಹೀಗೇ.